ಸುಮ್ಮನೆ ಕೂತವರು ಮೊದಲು

ಬೀದಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಬಸ್ ಡಿಪೊದ ಕಡೆಯಿಂದ ಎಂಜಿನ್ನೊಂದು ಕೆಮ್ಮಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದೆ. ಕ್ಲಿನಿಕ್ಕಿನ ಷಟರ್ ಸೊಂಟದೆತ್ತರಕ್ಕೆ ಮಾತ್ರ ಎದ್ದಿದೆ. ಒಳಗೆ ಹೋಗಬೇಕಾದರೆ ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಲೇಬೇಕು. ಒಳಗೆ ಒಂದು ಟ್ಯೂಬ್‌ಲೈಟು, ಒಂದು ಸ್ಟೂಲು. ಸ್ಟೂಲಿನ ಮೇಲೆ ಅಂಗಿಯ ಗುಂಡಿ ಬಿಚ್ಚಿ ಕೂತವರು ಕಾಂಪೌಂಡರ್. ಅವರ ಎದೆಗೆ ಸ್ಟೆತಾಸ್ಕೋಪ್ ಒತ್ತಿ, ಕಣ್ಣು ಮುಚ್ಚಿ ನಿಂತವರು ಡಾಕ್ಟರು.

"ಉಸಿರು ಹೊರಗೆ ಬಿಡು. ಹಾಗೇ ನಿಲ್ಸು."

ಕಾಂಪೌಂಡರ್ ನಿಲ್ಲಿಸುತ್ತಾರೆ. ಗೋಡೆ ಗಡಿಯಾರವನ್ನು ಮೊದಲೇ ಕೆಳಗಿಳಿಸಿ, ಟವೆಲಿನಲ್ಲಿ ಸುತ್ತಿ, ಡ್ರಾಯರಿಗೆ ತಳ್ಳಲಾಗಿದೆ. ಫ್ಯಾನು ಬಂದ್. ತೊಟ್ಟಿಕ್ಕುವ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದೆ. ಡಾಕ್ಟರ ಹುಬ್ಬು ಗಂಟಾಗುತ್ತದೆ, ಸಡಿಲಾಗುತ್ತದೆ, ಮತ್ತೆ ಗಂಟಾಗುತ್ತದೆ. ಕೊನೆಗೆ ಅವರು ಬೆರಳಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತಾರೆ. 'ಇದೆ' ಎಂದರ್ಥ. ಕಾಂಪೌಂಡರ್ ಉಸಿರು ಬಿಟ್ಟು, ಗುಂಡಿ ಹಾಕಿಕೊಂಡು, ಹೋಗಿ ಷಟರನ್ನು ಪೂರ್ತಿ ಎತ್ತುತ್ತಾರೆ.

"ಇವತ್ತೂ ಪಾಸಾದ್ರು ನಮ್ ಸಾರು," ಎಂದು ಹೊರಗೆ ಕಾದವರಿಗೆ ಫಲಿತಾಂಶ ಪ್ರಕಟಿಸುತ್ತಾರೆ. "ಬೇಗ ಬೇಗ ಬನ್ನಿ. ನಾಳೆ ಫೇಲಾದ್ರೆ ನಾನು ಜವಾಬ್ದಾರ ಅಲ್ಲ."

ಬೆಂಚಿನ ಮೇಲಿದ್ದವರು ನಗುತ್ತಾರೆ. ಡಾಕ್ಟರು ನಗುವುದಿಲ್ಲ. ಅವರ ಪಾಲಿಗೆ ಇದು ನಿಜವಾದ ಪರೀಕ್ಷೆ.

ಡಾಕ್ಟರಿಗೆ ಕೇಳಿಸುವುದು ಒಂದೇ ಕಿವಿಯಲ್ಲಿ. ಎಡಗಿವಿ ಯುದ್ಧದಲ್ಲಿ ಹೋಯಿತು. ಬಲಗಿವಿ ಇದೆ; ಎಲ್ಲಿಯವರೆಗೆ ಇರುತ್ತದೆ ಎಂಬುದೇ ದಿನಬೆಳಗಿನ ಚಿಂತೆ. ಇನ್ನು ಕಾಂಪೌಂಡರ್ ಹೃದಯದ ಒಂದು ಕವಾಟ ಹುಟ್ಟಿನಿಂದಲೇ ಸ್ವಲ್ಪ ಓರೆ. ರಕ್ತ ಅದರ ಸಂದಿಯಲ್ಲಿ ನುಗ್ಗುವಾಗ ಮೆಲ್ಲಗೆ ಸುಯ್ ಎನ್ನುತ್ತದೆ. ಡಾಕ್ಟರುಗಳು ಅದಕ್ಕೆ ಮರ್ಮರ್ ಎನ್ನುತ್ತಾರೆ. ಗಾಳಿಗೆ ಎಲೆ ಅಲುಗಿದರೆ ನಾವೂ ಮರ್ಮರ ಎಂದೇ ಅನ್ನುವುದರಿಂದ ವಿವರಣೆಯ ಖರ್ಚು ಉಳಿಯಿತು. ಡಾಕ್ಟರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ ಇಷ್ಟು: ಆ ಸುಯ್ ಕೇಳಿಸಿದರೆ ಷಟರ್ ಎತ್ತಬೇಕು. ಕೇಳಿಸದ ದಿನ ಸ್ಟೆತಾಸ್ಕೋಪನ್ನು ಬಾಗಿಲ ಹಿಂದಿನ ಕೊಂಡಿಗೆ ನೇತುಹಾಕಿ ವೈದ್ಯವೃತ್ತಿಗೆ ಶರಣು ಹೊಡೆಯಬೇಕು. ಕೊಂಡಿಯನ್ನು ಕ್ಲಿನಿಕ್ ಶುರುವಾದ ದಿನವೇ ಹೊಡೆದದ್ದು. ಈ ನಲವತ್ತು ವರ್ಷದಲ್ಲಿ ಅದರ ಮೇಲೆ ಒಂದು ಛತ್ರಿಯೂ ನೇತಾಡಿಲ್ಲ.

"ಜೋರು ಸದ್ದು ಯಾರಿಗಾದ್ರೂ ಕೇಳುತ್ತೆ," ಎನ್ನುತ್ತಾರೆ ಡಾಕ್ಟರು. "ಲಬ್ ಡಬ್ ಅನ್ನೋದು ಬಾಗಿಲು ಬಡಿದ ಹಾಗೆ. ಕಿವಿ ಕೈಕೊಡೋಕೆ ಶುರುಮಾಡಿದ್ರೆ ಮೊದಲು ಹೋಗೋದು ಸಣ್ಣ ಸದ್ದು. ರೋಗ ಇರೋದೂ ಸಣ್ಣ ಸದ್ದಲ್ಲೇ. ಅದು ಕೇಳಿಸ್ದೇ ಇದ್ರೆ ಕೊರಳಲ್ಲಿ ಇದು ಯಾಕೆ, ಅಲಂಕಾರಕ್ಕಾ?"

ಅವರೊಂದಿಗೆ ಮಾತಾಡಬೇಕಾದರೆ ಅವರ ಬಲಗಡೆಯ ಕುರ್ಚಿಯಲ್ಲೇ ಕೂರಬೇಕು. ಎಡಗಡೆ ಕುರ್ಚಿಯೇ ಇಲ್ಲ. ಬೀದಿಯಲ್ಲಿ ಅವರಿಗೆ 'ಒಂಟಿಕಿವಿ ಡಾಕ್ಟ್ರು' ಎಂದು ಹೆಸರು. ಅವರ ಬಲಕ್ಕೆ ನಿಂತು ಮಾತಾಡುವುದು ಇಲ್ಲಿನ ಮಕ್ಕಳಿಗೂ ರೂಢಿಯಾಗಿದೆ. ಅವರ ಬೆನ್ನ ಹಿಂದೆ ಆಡಿಕೊಳ್ಳುವವರು ಮಾತ್ರ ಆಡಿಕೊಳ್ಳುವ ಮುನ್ನ ಎಡಕ್ಕೆ ಸರಿಯುತ್ತಾರೆ.

ಕಾಂಪೌಂಡರಿಗೆ ಬೀದಿ ಇಟ್ಟ ಹೆಸರು 'ಸ್ಟ್ರೆಚರ್'. ಯುದ್ಧದಲ್ಲಿ ಗಾಯಾಳುಗಳನ್ನು ಹೊರುತ್ತಿದ್ದರು, ಅದೊಂದು ಕಾರಣ. ಹಿಡಿದ ಮಾತನ್ನು ಎಳೆದೆಳೆದು ಹಿಗ್ಗಿಸುತ್ತಾರೆ, ಅದು ಇನ್ನೊಂದು. ಅವರು ಡಾಕ್ಟರ ತಂಗಿಯ ಗಂಡನೂ ಹೌದು. ಕೆಳಗೆ ಕ್ಲಿನಿಕ್ಕಿನಲ್ಲಿ ಡಾಕ್ಟರನ್ನು 'ಸಾರ್' ಎನ್ನುತ್ತಾರೆ, ಮೆಟ್ಟಿಲು ಹತ್ತಿ ಮನೆಗೆ ಹೋದರೆ 'ಭಾವ' ಎನ್ನುತ್ತಾರೆ. ಈ ಶಿಸ್ತು ಒಂದು ದಿನವೂ ತಪ್ಪಿಲ್ಲ. ಮಧ್ಯದ ಮೆಟ್ಟಿಲ ಮೇಲೆ ಎದುರಾದರೆ ಏನನ್ನಬೇಕೆಂದು ತಿಳಿಯದೆ ಸುಮ್ಮನೆ ಕೆಮ್ಮುತ್ತಾರೆ.

ಕೆಮ್ಮುವುದರಲ್ಲಿ ಸ್ಟ್ರೆಚರ್ ಪಂಡಿತರು. ಡಿಪೊದ ಮೆಕ್ಯಾನಿಕ್ಕಿನ ಹೊಗೆ ಕೆಮ್ಮು, ನೂಲಿನ ಗಿರಣಿಯವರ ದೂಳು ಕೆಮ್ಮು, ರಜೆ ಚೀಟಿಗಾಗಿ ಬಂದವನ ಸುಳ್ಳು ಕೆಮ್ಮು, ಎಲ್ಲವನ್ನೂ ಔಷಧಿ ಕಿಟಕಿಯ ಹಿಂದಿನಿಂದ ಥೇಟ್ ಹಾಗೇ ಮಾಡಿ ತೋರಿಸುತ್ತಾರೆ. ಗಿರಣಿಯ ಮೇಸ್ತ್ರಿಯೊಬ್ಬ ಒಮ್ಮೆ ಒಳಗಿನಿಂದ ತನ್ನದೇ ಕೆಮ್ಮು ಕೇಳಿಸಿ, ತಾನು ಆಗಲೇ ಒಳಗೆ ಹೋಗಿದ್ದೇನೆಂದು ಗಾಬರಿಯಾದನಂತೆ. "ನಾನು ಅನುಕರಣೆ ಮಾಡಲ್ಲ," ಎಂದು ಸ್ಟ್ರೆಚರ್ ತಿದ್ದುತ್ತಾರೆ. "ಅವರ ಕೆಮ್ಮನ್ನ ಸ್ವಲ್ಪ ಹೊತ್ತು ಹೊತ್ಕೋತೀನಿ. ಹೊರೋದೇ ಅಲ್ವಾ ನಮ್ಮ ಕೆಲಸ."

ಷಟರ್ ಎತ್ತಿದ ಮೇಲೆ ಡಾಕ್ಟರು ಮಾಡುವ ಮೊದಲ ಕೆಲಸ ಬೆಂಚಿನುದ್ದಕ್ಕೂ ಒಂದು ನಡಿಗೆ. ಇಲ್ಲಿ ಟೋಕನ್ ಇಲ್ಲ, ಮೊದಲು ಬಂದವರಿಗೆ ಮೊದಲು ಎಂಬುದೂ ಇಲ್ಲ. ದಿನಕ್ಕೆ ಎಪ್ಪತ್ತು ಎಂಬತ್ತು ಮಂದಿ ಬರುತ್ತಾರೆ. ಸೋಮವಾರ ಇನ್ನೂ ಹೆಚ್ಚು. ಇವತ್ತು ಬೆಂಚಿನ ಮುಂತುದಿಯಲ್ಲಿ ಬೆರಳು ಕುಯ್ದುಕೊಂಡ ಬಡಗಿಯೊಬ್ಬ ಬೀದಿ ಕಿತ್ತುಹೋಗುವ ಹಾಗೆ ನರಳುತ್ತಿದ್ದಾನೆ. ಡಾಕ್ಟರು ಅವನ ಬೆರಳಿಗೆ ಬಟ್ಟೆ ಒತ್ತಿ, "ಬಿಗಿಯಾಗಿ ಹಿಡ್ಕೊ, ಮೇಲೆತ್ತು," ಎಂದು ಮುಂದೆ ಹೋಗುತ್ತಾರೆ. ಕೊನೆಯಲ್ಲಿ ಗೋಡೆಗೆ ತಲೆಯಾನಿಸಿ ಹೆಂಗಸೊಬ್ಬಳು ಕೂತಿದ್ದಾಳೆ. ಅವಳದು ಮಾತಿಲ್ಲ, ನರಳಿಕೆಯಿಲ್ಲ, ತುಟಿ ಮಾತ್ರ ಒಣಗಿದೆ. ಡಾಕ್ಟರು ಅವಳ ಮಣಿಕಟ್ಟು ಹಿಡಿದವರು ಬಿಡುವುದಿಲ್ಲ. ಅವಳನ್ನೇ ಮೊದಲು ಒಳಗೆ ಕರೆದೊಯ್ಯುತ್ತಾರೆ.

"ನನ್ನ ಬೆರಳು ಬಿದ್ದೋಗ್ತಾ ಇದೆ, ಇಲ್ಲಿ ನ್ಯಾಯ ಇಲ್ವಾ?" ಎಂದು ಬಡಗಿ.

"ನ್ಯಾಯ ಇದೆ," ಎಂದು ಕಿಟಕಿಯಿಂದ ಸ್ಟ್ರೆಚರ್. "ಇಷ್ಟು ಜೋರಾಗಿ ಕೇಳ್ತಿದೀಯಲ್ಲ, ನಿನಗೆ ಏನೂ ಆಗಲ್ಲ ಅನ್ನೋದೇ ನ್ಯಾಯ."

ಈ ಪದ್ಧತಿ ಡಾಕ್ಟರಿಗೆ ಬಂದದ್ದು ಯುದ್ಧದಿಂದ. ಓದು ಮುಗಿದು ಅಂಗೈಯ ಶಾಯಿ ಆರುವ ಮುನ್ನವೇ ಅವರನ್ನು ಸೇನೆಯ ವೈದ್ಯಪಡೆಗೆ ಸೇರಿಸಿ ಗಡಿಗೆ ಕಳಿಸಿದರು. ಆಸ್ಪತ್ರೆ ಎಂದರೆ ಖಾಲಿ ಮಾಡಿಸಿದ ಒಂದು ಶಾಲೆ. ತರಗತಿಗಳ ತುಂಬ ಗಾಯಾಳುಗಳು, ಕಪ್ಪುಹಲಗೆಯ ಮೇಲೆ ಇನ್ನೂ ಅಳಿಸದ ಮಗ್ಗಿ. ಮೊದಲ ದಿನ ಅವರು ಜೋರಾಗಿ ಕೂಗುವವನ ಬಳಿಗೆ ಓಡಿದರಂತೆ. ಅವನ ಕಾಲು ಮುರಿದಿತ್ತು, ಅಷ್ಟೇ. ಅವನಿಗೆ ಪಟ್ಟಿ ಕಟ್ಟಿ ತಿರುಗುವಷ್ಟರಲ್ಲಿ ಪಕ್ಕದಲ್ಲಿ ಸದ್ದಿಲ್ಲದೆ ಮಲಗಿದ್ದವನು ಸದ್ದಿಲ್ಲದೆಯೇ ಹೋಗಿಬಿಟ್ಟಿದ್ದ.

"ಕೂಗೋಕೆ ಉಸಿರು ಬೇಕು," ಎನ್ನುತ್ತಾರೆ. "ಕೂಗ್ತಿದಾನೆ ಅಂದ್ರೆ ಉಸಿರಿದೆ. ಉಸಿರಿರೋನು ಕಾಯ್ತಾನೆ. ಸುಮ್ಮನೆ ಮಲಗಿರ್ತಾನಲ್ಲ, ಅವನ ಹತ್ರ ಮೊದಲು ಹೋಗ್ಬೇಕು. ಆವತ್ತಿಂದ ನನ್ನ ಕಣ್ಣು ಸುಮ್ಮನೆ ಇರೋರನ್ನೇ ಹುಡುಕುತ್ತೆ. ಮದುವೆಮನೆಗೆ ಹೋದ್ರೂ ಅಷ್ಟೇ."

ಆ ಶಾಲೆಯ ಮೇಲೆ ಒಂದು ಮಧ್ಯಾಹ್ನ ಶೆಲ್ ಬಿತ್ತು. ಡಾಕ್ಟರ ಎಡಗಿವಿ ಆಗ ಹೋದದ್ದು. ಎಲ್ಲ ಸ್ಟ್ರೆಚರುಗಳ ಮೇಲೂ ಆಗಲೇ ಯಾರಾದರೊಬ್ಬರು ಇದ್ದುದರಿಂದ ಇಪ್ಪತ್ತರ ಪ್ರಾಯದ ಹೊರುವ ಹುಡುಗನೊಬ್ಬ ಅವರನ್ನು ಬೆನ್ನ ಮೇಲೆ ಹಾಕಿಕೊಂಡು ನಡೆದ. ಆ ಹುಡುಗನೇ ಇವತ್ತಿನ ಕಾಂಪೌಂಡರ್. "ದಾರಿಯುದ್ದಕ್ಕೂ ನನಗೆ ಆರ್ಡರು," ಎಂದು ಸ್ಟ್ರೆಚರ್ ಡಾಕ್ಟರ ದನಿ ತೆಗೆದು ಅರಚುತ್ತಾರೆ. "'ನನ್ನ ಇಳ್ಸು, ಒಳಗೆ ಇನ್ನೂ ಜನ ಇದಾರೆ!' ತನ್ನ ದನಿ ತನಗೇ ಕೇಳಿಸ್ತಿಲ್ಲ, ಅದಕ್ಕೆ ಇನ್ನೂ ಜೋರು. ಶತ್ರುಗಳಿಗೆ ದಾರಿ ತೋರಿಸಿದ್ದೇ ಇವರು." ಆ ದಾರಿ ಎಷ್ಟು ದೂರವಿತ್ತು ಎಂದು ಕೇಳಿದರೆ ಡಾಕ್ಟರ ತಂಗಿ ನಗುತ್ತಾರೆ. "ನಾನು ಮದುವೆಯಾಗಿ ಬಂದಾಗ ಅರ್ಧ ಮೈಲಿ ಇತ್ತು. ಈಗ ನದಿ ದಾಟಿ ಬೆಟ್ಟ ಹತ್ತಿಸ್ತಾರೆ. ಇನ್ನೊಂದಿಷ್ಟು ವರ್ಷ ಬಿಟ್ರೆ ಬೇರೆ ಖಂಡದಿಂದ ಹೊತ್ಕೊಂಡು ಬಂದಿರ್ತಾರೆ."

ಗಾಯ ವಾಸಿಯಾಗುವಾಗ ಡಾಕ್ಟರು ಉಳಿದ ಕಿವಿಯನ್ನು ಪರೀಕ್ಷಿಸಿಕೊಳ್ಳಲು ಹಾಸಿಗೆಯ ಪಕ್ಕ ಕೂತ ಆ ಹುಡುಗನ ಎದೆಗೇ ಸ್ಟೆತಾಸ್ಕೋಪ್ ಇಟ್ಟರು. ಆ ಸುಯ್ ಮೊದಲ ಸಲ ಕೇಳಿಸಿದ್ದು ಆಗ. ಇಬ್ಬರಿಗೂ ಒಟ್ಟೊಟ್ಟಿಗೆ ಸಿಹಿ-ಕಹಿ ಸುದ್ದಿ: ಒಬ್ಬರ ಕಿವಿ ಚೆನ್ನಾಗಿದೆ, ಇನ್ನೊಬ್ಬರ ಕವಾಟ ಓರೆಯಾಗಿದೆ. ಅಂದು ಶುರುವಾದ ಪರೀಕ್ಷೆ ನಿಂತೇ ಇಲ್ಲ.

ಸೇನೆ ಡಾಕ್ಟರನ್ನು ಮನೆಗೆ ಕಳಿಸಿತು. ದೊಡ್ಡ ಆಸ್ಪತ್ರೆಯೊಂದರ ಸಂದರ್ಶನದಲ್ಲಿ ಮುಖ್ಯಸ್ಥರು ಎಡಗಡೆ ಕೂತು ಪ್ರಶ್ನೆ ಕೇಳಿದರು. ಉತ್ತರ ಬಾರದ್ದರಿಂದ ಇವನಿಗೆ ಭಾರಿ ಕೊಬ್ಬು ಎಂದುಕೊಂಡರು. ಹೆಣ್ಣು ನೋಡಲು ಹೋದ ಕಡೆಯೂ ಹೀಗೇ ಆಯಿತು. ಹುಡುಗಿಯ ತಂದೆ ಎಡಕ್ಕೆ ಕೂತು, "ನಿಮಗೆ ಒಪ್ಪಿಗೆಯೇ?" ಎಂದು ಮೂರು ಸಲ ಕೇಳಿ, ಎದ್ದು ಹೋದರಂತೆ. ಡಾಕ್ಟರು ಮತ್ತೆ ಆ ಪ್ರಯತ್ನ ಮಾಡಲಿಲ್ಲ. ತಂಗಿಯನ್ನು ಸ್ಟ್ರೆಚರಿಗೆ ಕೊಟ್ಟು, ಡಿಪೊಗೂ ಗಿರಣಿಗೂ ನಡುವೆ ಈ ಒಂದು ಕೋಣೆ ಹಿಡಿದು, ಬಾಗಿಲ ಹಿಂದೆ ಕೊಂಡಿ ಹೊಡೆದು ಕೂತರು.

ಈಗ ಆ ಕೊಂಡಿಯ ಕಡೆಗೆ ಅವರ ಕಣ್ಣು ಮತ್ತೆ ಮತ್ತೆ ಹೋಗುತ್ತಿದೆ.

"ಸದ್ದು ಸಣ್ಣದಾಗ್ತಿದೆ," ಎಂದು ಒಂದು ಸಂಜೆ ಹೇಳುತ್ತಾರೆ, ಮೇಜು ಒರೆಸುತ್ತಲೇ. "ಹೋದ ತಿಂಗಳು ಇಟ್ಟ ತಕ್ಷಣ ಕೇಳ್ತಿತ್ತು. ಈಗ ಹುಡುಕಬೇಕು. ಇವತ್ತು ಮೇಜು ಕುಟ್ಟಿದ್ನಲ್ಲ, ನಿಜವಾಗಿ ಕೇಳ್ತೋ, ಕೇಳಿರಬೇಕು ಅಂತ ನಾನೇ ಅಂದ್ಕೊಂಡ್ನೋ, ಹೇಳಕ್ಕಾಗಲ್ಲ."

ಮನೆಯಲ್ಲಿ ಯುದ್ಧಕಾಲದ ಕಟ್ಟುಪಾಡು ಜಾರಿಯಾಗಿದೆ. ಸ್ಟೆತಾಸ್ಕೋಪಿನ ರಬ್ಬರು ಬದಲಾಯಿತು. ಆಮೇಲೆ ಸ್ಟೆತಾಸ್ಕೋಪೇ ಬದಲಾಯಿತು. ಕಿವಿಯೊಳಗಿನ ಮೇಣ ತೆಗೆಸಿದ್ದಾಯಿತು. ಬೆಳಗಿನ ಪರೀಕ್ಷೆಯ ಹೊತ್ತಿಗೆ ಮೇಲ್ಮನೆಯ ಫ್ರಿಜ್ಜನ್ನೂ ಆರಿಸಬೇಕೆಂಬ ಆಜ್ಞೆ ಬಂದಿದೆ. "ಆನ್ ಮಾಡೋದು ಮರೆತು ಹಾಲೆಲ್ಲ ಒಡೀತು," ಎಂದು ತಂಗಿ ಪಾತ್ರೆ ತೋರಿಸುತ್ತಾರೆ. "ಒಬ್ಬ ಕಿವಿ ಕಿವಿ ಅಂತ ಸಾಯ್ತಾನೆ. ಇನ್ನೊಬ್ಬರು ನೋಡಿದ್ರೆ ತಲೆಗೆ ಮೂರು ದಿಂಬು ಇಟ್ಕೊಂಡು ಕೂತೇ ನಿದ್ದೆ ಮಾಡ್ತಾರೆ. ಯಾಕೆ ಅಂದ್ರೆ ರಾಜ ಮಹಾರಾಜರು ಹೀಗೇ ಮಲಗೋದು ಅಂತಾರೆ."

ಅವರ ಮಾತಿಗೆ ಸ್ಟ್ರೆಚರ್ ನಗುತ್ತಾರೆ. ಹಿಗ್ಗಿಸುವುದಿಲ್ಲ, ನಗುತ್ತಾರೆ ಅಷ್ಟೇ.

ಮತ್ತೊಂದು ಬೆಳಗು. ಷಟರ್ ಸೊಂಟದೆತ್ತರಕ್ಕಿದೆ. ಗಡಿಯಾರ ಟವೆಲಿನೊಳಗಿದೆ. ಡಾಕ್ಟರು ಕಣ್ಣು ಮುಚ್ಚಿ ನಿಂತಿದ್ದಾರೆ. ಸ್ಟೆತಾಸ್ಕೋಪು ಎದೆಯ ಬಲಕ್ಕೆ, ಎಡಕ್ಕೆ, ಕೊರಳ ಬುಡಕ್ಕೆ ಹೋಗುತ್ತದೆ.

"ಇನ್ನೊಂದ್ಸಲ ನೋಡಿ ಸಾರ್," ಎನ್ನುತ್ತಾರೆ ಸ್ಟ್ರೆಚರ್. "ಎಂಜಿನ್ ಸದ್ದಿತ್ತು."

"ಎಂಜಿನ್ ಇರ್ಲಿಲ್ಲ."

"ನಾನು ಉಸಿರು ಸರಿಯಾಗಿ ಹಿಡೀಲಿಲ್ಲ. ಈಗ ಹಿಡೀತೀನಿ."

ಡಾಕ್ಟರು ಮತ್ತೆ ಕೇಳುತ್ತಾರೆ. ಬೆರಳು ಮೇಜಿನ ಮೇಲೆ ಬಂದು ನಿಂತಿದೆ, ಕುಟ್ಟುವುದಿಲ್ಲ. ಕೊನೆಗೆ ಅವರು ಸ್ಟೆತಾಸ್ಕೋಪನ್ನು ಕೊರಳಿನಿಂದ ತೆಗೆದು, ಎರಡು ಮಡಿಕೆ ಮಾಡಿ, ಬಾಗಿಲ ಹಿಂದಿನ ಕೊಂಡಿಗೆ ಹಾಕುತ್ತಾರೆ. ಷಟರನ್ನು ಕಾಲಿನಿಂದ ಒತ್ತಿ ಪೂರ್ತಿ ಕೆಳಗಿಳಿಸಿ, ಒಳಗಿನ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾರೆ. ಸ್ಟ್ರೆಚರ್ ಪಕ್ಕದ ಬಾಗಿಲಿನಿಂದ ಬೀದಿಗೆ ಹೋಗುತ್ತಾರೆ. ಹೊರಗಿದ್ದವರಿಗೆ ಏನೋ ಒಂದು ಹೇಳಲೇಬೇಕಲ್ಲ.

ಮೇಲೆ ಡಾಕ್ಟರು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾರೆ. ಕೈಗೆ ಏನು ಮಾಡಬೇಕೆಂದು ತಿಳಿಯದೆ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಾರೆ. ಕೆಳಗಿನಿಂದ ಗಲಾಟೆ ಏರುತ್ತಿದೆ. ಷಟರ್ ಬಡಿಯುವ ಸದ್ದು, ಮಗುವಿನ ಅಳು, ಯಾರದೋ ಬೈಗುಳ.

"ಕಿವಿ ಹೋಯ್ತು," ಎನ್ನುತ್ತಾರೆ.

"ಅವರು ಬೈತಿರೋದು ಕೇಳುತ್ತಾ?" ಎಂದು ತಂಗಿ.

"ಅದು ಜೋರು ಸದ್ದು. ಲೆಕ್ಕಕ್ಕಿಲ್ಲ."

"ಹಾಗಾದ್ರೆ ಹೋಗಿ ಹೇಳಿ ಬಾ. ಬಾಗಿಲು ಹಾಕಿದ್ದು ನೀನು, ಬೈಸ್ಕೊಳ್ಳೋಕೆ ನಮ್ಮನೆಯವರಾ? ಅವರಿಗಾದ್ರೂ ಬಾಯಿ ಎಲ್ಲಿದೆ ಈಗ. ಹದಿನೈದು ದಿನದಿಂದ ಒಂದು ಕಥೆ ಹೇಳಿಲ್ಲ ಮನುಷ್ಯ. ಬೆಟ್ಟಾನೂ ಇಲ್ಲ, ನದೀನೂ ಇಲ್ಲ."

ಡಾಕ್ಟರು ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟು ಮೆಟ್ಟಿಲಿಳಿಯುತ್ತಾರೆ. ಪಕ್ಕದ ಬಾಗಿಲಿನಿಂದ ಬೀದಿಗೆ ಬರುತ್ತಾರೆ. ಎಲ್ಲರೂ ಒಟ್ಟಿಗೇ ಮೇಲೆ ಬೀಳುತ್ತಾರೆ: ಏನು ಡಾಕ್ಟ್ರೇ ಇದು, ಮಗೂಗೆ ಜ್ವರ, ನಾನು ಡ್ಯೂಟಿಗೆ ಹೋಗ್ಬೇಕು. ಬೇರೆ ಡಾಕ್ಟರ ಬಳಿ ಹೋಗಿ ಎಂದು ಹೇಳಲು ಅವರು ಬಾಯಿ ತೆರೆಯುತ್ತಾರೆ. ಆದರೆ ಕಣ್ಣು ತನ್ನ ಹಳೆಯ ಅಭ್ಯಾಸದಂತೆ ಬೆಂಚಿನುದ್ದಕ್ಕೂ ನಡೆಯತೊಡಗಿದೆ. ಕೂಗುವವರು, ಕೂಗುವವರು, ಗೊಣಗುವವರು, ಅಳುವ ಮಗು. ಬೆಂಚಿನ ತುದಿಯಲ್ಲಿ ಗೋಡೆಗೆ ತಲೆಯಾನಿಸಿ ಒಬ್ಬರು ಸುಮ್ಮನೆ ಕೂತಿದ್ದಾರೆ. ಹಣೆಯ ಮೇಲೆ ಬೆವರು. ಎರಡೂ ಕೈ ಬೆಂಚಿನ ಅಂಚನ್ನು ಹಿಡಿದಿವೆ. ತುಟಿಯ ಬಣ್ಣ ಸರಿಯಿಲ್ಲ.

ಸ್ಟ್ರೆಚರ್.

ಡಾಕ್ಟರು ಜನರನ್ನು ಸರಿಸಿ ಹೋಗಿ ಮಣಿಕಟ್ಟು ಹಿಡಿಯುತ್ತಾರೆ. ಸ್ಟ್ರೆಚರ್ ಕಣ್ಣು ತೆರೆದು, "ಏನಿಲ್ಲ ಭಾವ. ಸ್ವಲ್ಪ... ಸುಸ್ತು..." ಎನ್ನುತ್ತಾರೆ. ಮಾತು ಮುಗಿಸಲು ಉಸಿರು ಸಾಲುವುದಿಲ್ಲ. ಇಡೀ ಬೆಂಚು ಅದನ್ನು ಕೇಳಿಸಿಕೊಂಡು ಥಟ್ಟನೆ ಸದ್ದಡಗುತ್ತದೆ. ಷಟರಿನ ಹೊರಗೆ ಸ್ಟ್ರೆಚರ್ 'ಭಾವ' ಎಂದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

"ನನ್ನ ಸ್ಟೆತಾಸ್ಕೋಪ್ ತನ್ನಿ. ಬಾಗಿಲ ಹಿಂದೆ ಕೊಂಡೀಲಿದೆ," ಎಂದು ಡಾಕ್ಟರು ಹೇಳುತ್ತಾರೆ. ಕೂಗು ಹಾಕುವುದೇ ಕೆಲಸವಾದ ಬಸ್ ಕಂಡಕ್ಟರನೊಬ್ಬ ಮಾತಿಲ್ಲದೆ ಓಡುತ್ತಾನೆ.

ಈ ಸಲ ಡಾಕ್ಟರು ಅದನ್ನು ಇಡುವುದು ಎದೆಗಲ್ಲ, ಬೆನ್ನಿಗೆ, ಪಕ್ಕೆಲುಬುಗಳ ಕೆಳತುದಿಗೆ. ಕಿವಿಯ ಹತ್ತಿರ ಕೂದಲನ್ನು ಬೆರಳಿನಲ್ಲಿ ಹೊಸೆದರೆ ಬರುವಂಥ ಸದ್ದು, ಚರ ಚರ ಚರ. ಶ್ವಾಸಕೋಶದ ಬುಡದಲ್ಲಿ ನೀರು ನಿಂತಿದೆ. ಆ ಮರ್ಮರಕ್ಕಿಂತ ನೂರುಪಾಲು ಸಣ್ಣ ಸದ್ದು. ಅದು ಡಾಕ್ಟರ ಬಲಗಿವಿಗೆ ಸ್ಪಷ್ಟವಾಗಿ, ಒಂದೂ ಬಿಡದೆ ಕೇಳಿಸುತ್ತದೆ.

ಕಿವಿಗೆ ಏನೂ ಆಗಿಲ್ಲ. ಓರೆ ಕವಾಟ ವರ್ಷಗಳಿಂದ ಬಿಗಿಯುತ್ತ ಬಂದು, ಅದರ ಮೂಲಕ ರಕ್ತ ತಳ್ಳಿ ತಳ್ಳಿ ಹೃದಯ ಸೋತಿದೆ. ತಳ್ಳುವ ಬಲವೇ ಇಲ್ಲದ ಮೇಲೆ ಸುಯ್ ಎನ್ನಲು ಏನಿದೆ. ಸದ್ದು ಸಣ್ಣದಾಗಿದ್ದು ನಿಜ, ಕೇಳುವವರ ಕಡೆಯಿಂದಲ್ಲ.

ದೊಡ್ಡ ಆಸ್ಪತ್ರೆಯ ಉದ್ದನೆಯ ಕಾರಿಡಾರು. ಎರಡು ದಿನ ಶ್ವಾಸಕೋಶದ ನೀರು ಇಳಿಸಿ, ಇವತ್ತು ಸ್ಟ್ರೆಚರನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದಾರೆ; ನಾಲ್ಕು ಚಕ್ರದ ಸ್ಟ್ರೆಚರಿನ ಮೇಲೆ. "ನಲವತ್ತು ವರ್ಷ ಆದ್ಮೇಲೆ ಕಡೆಗೂ ನನ್ನ ಪಾಳಿ ಬಂತು," ಎಂದು ಹೋಗುವಾಗ ಹೇಳಿದ್ದಾರೆ. ನಾಲ್ಕು ಮಾತಿಗೆ ನಾಲ್ಕು ಉಸಿರು. ಕೆಟ್ಟ ಕವಾಟ ತೆಗೆದು ಲೋಹದ್ದು ಕೂರಿಸಬೇಕು. ಹೃದಯ ತುಂಬ ಸೋತಿದೆ, ಮೇಜಿನ ಮೇಲೆ ತಡೆಯುತ್ತದೋ ಇಲ್ಲವೋ ಹೇಳಲಾಗದು ಎಂದು ಶಸ್ತ್ರಚಿಕಿತ್ಸಕಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಸ್ವಲ್ಪ ಮುಂಚೆ ಬಂದಿದ್ದರೆ ಎಂದೂ ಹೇಳಿದ್ದಾರೆ. ಅದನ್ನು ಡಾಕ್ಟರ ಬಲಕ್ಕೆ ನಿಂತೇ ಹೇಳಿದ್ದಾರೆ.

ಡಾಕ್ಟರು ಬೆಂಚಿನ ಮೇಲೆ ಕೂತಿದ್ದಾರೆ. ವೈದ್ಯರ ಕೋಣೆಗೆ ಬನ್ನಿ ಎಂದು ಕರೆದರೂ ಹೋಗಿಲ್ಲ.

"ಸ್ಕ್ಯಾನ್ ಮಾಡಿಸು ಅಂತ ಪ್ರತಿ ವರ್ಷ ಹೇಳ್ತಿದ್ದೆ. ಷಟರ್ ಯಾರು ಎತ್ತೋದು ಅಂತ ಅವನು ಮುಂದೂಡ್ತಿದ್ದ. ನಾನೂ ಬಿಟ್ಬಿಡ್ತಿದ್ದೆ," ಎನ್ನುತ್ತಾರೆ. "ದಿನಾ ಬೆಳಿಗ್ಗೆ ಆ ಎದೆಗೆ ಕಿವಿ ಕೊಟ್ಟಿದೀನಿ. ಬೇರೆ ಯಾರ ಎದೆಗೂ ಅಷ್ಟು ಕೊಟ್ಟಿಲ್ಲ. ಆದ್ರೆ ನಾನು ಕೇಳ್ತಿದ್ದಿದ್ದು ನನ್ನ ಕಿವೀನ. ಅವನ ಎದೆಯನ್ನಲ್ಲ. ಅದನ್ನ ಅಳತೆಗೋಲು ಮಾಡ್ಕೊಂಡಿದ್ದೆ. ಅಳತೆಗೋಲು ಸವೀತಿದೆ ಅಂತ ಯಾರಿಗೆ ಹೊಳೆಯುತ್ತೆ? ಸದ್ದು ಇಲ್ಲ ಅಂದ್ರೆ ಮೊದಲು ಅಲ್ಲಿಗೆ ಓಡಬೇಕು ಅಂತ ಜೀವಮಾನ ಎಲ್ಲಾ ಹೇಳ್ಕೊಂಡು ಬಂದೋನು ನಾನು. ಸದ್ದು ನಿಂತಿದ್ದು ನನ್ನ ಕೈಕೆಳಗೇ. ಬಿಟ್ಟು ಮೆಟ್ಟಿಲು ಹತ್ತಿ ಹೋದೆ."

ಸ್ಟ್ರೆಚರ್ ಮಾಡಿದ ತಪ್ಪೂ ಇದರ ಜೋಡಿಯೇ. ಉಬ್ಬಸ ಶುರುವಾದದ್ದು ಅವರಿಗೆ ತಿಂಗಳುಗಳಿಂದ ಗೊತ್ತು. ಭಾವ ಮೊದಲೇ ಕಿವಿಯ ಚಿಂತೆಯಲ್ಲಿದ್ದಾರೆ, ಇದೊಂದು ಬೇರೆ ಯಾಕೆ ಎಂದು ಬಚ್ಚಿಟ್ಟರಂತೆ. ಒಬ್ಬರ ಮೇಲೊಬ್ಬರಿಗೆ ಇಷ್ಟು ಕಾಳಜಿಯಿದ್ದರೆ ವೈರಿಗಳು ಯಾಕೆ ಬೇಕು ಎಂದು ತಂಗಿ ಕೇಳುತ್ತಾರೆ. ಅವರ ಕಣ್ಣು ಬಾಗಿಲ ಮೇಲಿನ ಕೆಂಪು ದೀಪದ ಮೇಲೇ ಇದೆ. ಅಣ್ಣ ಉತ್ತರ ಕೊಡದಿದ್ದಾಗ ಮಾತ್ರ ತಿರುಗಿ ನೋಡುತ್ತಾರೆ. ಗೋಡೆಗೆ ತಲೆಯಾನಿಸಿ, ಕೈಕಟ್ಟಿ, ತುಟಿ ಬಿಗಿದು ಕೂತ ಅಣ್ಣ.

"ನೋಡಿ ಸಿಸ್ಟರ್," ಎಂದು ದಾರಿಯಲ್ಲಿ ಹೋಗುತ್ತಿದ್ದ ನರ್ಸನ್ನು ತಡೆಯುತ್ತಾರೆ. "ಇವರು ಮಾತಾಡ್ತಿಲ್ಲ. ಮೊದಲು ಇವರನ್ನ ನೋಡಿ."

ನರ್ಸು ಡಾಕ್ಟರಿಗೆ ಒಂದು ಲೋಟ ನೀರು ತಂದುಕೊಡುತ್ತಾರೆ. ಡಾಕ್ಟರು ವಿಧೇಯ ರೋಗಿಯ ಹಾಗೆ ಕುಡಿಯುತ್ತಾರೆ. ಕೆಂಪು ದೀಪ ಮಧ್ಯಾಹ್ನ ದಾಟಿದರೂ ಆರುವುದಿಲ್ಲ.

ಹಲವು ವಾರಗಳ ನಂತರ, ಕ್ಲಿನಿಕ್ಕಿನಲ್ಲಿ ಮತ್ತೆ ಬೆಳಗು. ಷಟರನ್ನು ಸೊಂಟದೆತ್ತರಕ್ಕೆ ಎತ್ತಿದವರು ಈಗ ಡಾಕ್ಟರೇ. ಸ್ಟ್ರೆಚರ್ ಭಾರ ಎತ್ತುವಂತಿಲ್ಲ. ಅವರು ಮೂಳೆಮೂಳೆಯಾಗಿ ಸ್ಟೂಲಿನ ಮೇಲೆ ಕೂತಿದ್ದಾರೆ, ಅಂಗಿಯ ಗುಂಡಿಗೆ ಆಗಲೇ ಕೈಹಾಕಿದ್ದಾರೆ. ಎದೆಯ ನಡುವೆ ಉದ್ದನೆಯ ಹೊಲಿಗೆಯ ಗುರುತು. ಹಳೆಯ ಅಭ್ಯಾಸಕ್ಕೆ ಗಡಿಯಾರ ಟವೆಲಿನೊಳಗೇ ಇದೆ, ಆದರೂ ಕೋಣೆಯಲ್ಲಿ ಟಿಕ್ ಟಿಕ್ ಸದ್ದು. ಲೋಹದ ಕವಾಟದ್ದು. ಸ್ಟೆತಾಸ್ಕೋಪು ಬೇಡ, ಎದುರಿಗೆ ನಿಂತರೆ ಸಾಕು, ಯಾರಿಗಾದರೂ ಕೇಳಿಸುತ್ತದೆ.

"ಮನೆಯಲ್ಲಿ ಇವಳಿಗೆ ನಿದ್ದೆ ಇಲ್ಲ," ಎಂದು ಸ್ಟ್ರೆಚರ್. "ಟಿಕ್ ಕೇಳಿದ್ರೆ ಸದ್ದು ಅಂತ ಎಚ್ಚರ ಆಗುತ್ತಂತೆ. ಕೇಳ್ದಿದ್ರೆ ಭಯಕ್ಕೆ ಎಚ್ಚರ ಆಗುತ್ತಂತೆ."

ಡಾಕ್ಟರ ಕಿವಿಯನ್ನು ಈಗ ಪೇಟೆಯ ಕಿವಿತಜ್ಞರು ತಿಂಗಳಿಗೊಮ್ಮೆ ಗಾಜಿನ ಕೋಣೆಯೊಳಗೆ ಕೂರಿಸಿ ಪರೀಕ್ಷಿಸುತ್ತಾರೆ. ವಯಸ್ಸಿಗೆ ತಕ್ಕ ಹಾಗಿದೆ, ಸದ್ಯಕ್ಕೆ ಕೆಲಸ ಮಾಡಬಹುದು ಎಂದಿದ್ದಾರೆ. ಆ 'ಸದ್ಯಕ್ಕೆ' ಡಾಕ್ಟರಿಗೆ ಸಾಲದು. ಬೆಳಗಿನ ಪರೀಕ್ಷೆಯಿಲ್ಲದೆ ಷಟರನ್ನು ಪೂರ್ತಿ ಎತ್ತಲು ಇನ್ನೂ ಮನಸ್ಸು ಒಪ್ಪುವುದಿಲ್ಲ ಎನ್ನುತ್ತಾರೆ. ಸ್ಟ್ರೆಚರಿಗೆ ಅದು ಗೊತ್ತು.

"ಸಾರ್, ಒಂದು ಉಪಾಯ," ಎನ್ನುತ್ತಾರೆ. "ನೀವು ಹಿಂದೆ ಹಿಂದೆ ಹೋಗ್ತಾ ಇರಿ. ನನ್ನ ಟಿಕ್ಕು ಎಲ್ಲಿ ತನಕ ಕೇಳುತ್ತೋ ನೋಡೋಣ. ಬಾಗಿಲ ತನಕ ಕೇಳಿದ್ರೆ ಪಾಸು. ಹಳೇದಕ್ಕಿಂತ ಇದು ಒಳ್ಳೇ ಪರೀಕ್ಷೆ."

ಡಾಕ್ಟರ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಗಿಯೂ ಬಿಡುತ್ತದೆ. ಅಲ್ಲೇ ನಿಲ್ಲುತ್ತಾರೆ. ಬಾಗಿಲ ಹಿಂದಿನ ಕೊಂಡಿಯಲ್ಲಿ ಈಗ ತಂಗಿ ನೇತುಹಾಕಿದ ಬಟ್ಟೆಚೀಲವಿದೆ, ಗಂಡನ ಮಾತ್ರೆಗಳದ್ದು. ಅದನ್ನೊಮ್ಮೆ ನೋಡಿ, ಬಲಗಡೆಯ ಕುರ್ಚಿಯನ್ನು, ರೋಗಿಗಳು ಕೂರುವ ಕುರ್ಚಿಯನ್ನು, ಮೇಜಿನ ಹತ್ತಿರಕ್ಕೆ ಎಳೆಯುತ್ತಾರೆ.

"ಗುಂಡಿ ಹಾಕ್ಕೊ. ಇಲ್ಲಿ ಬಾ, ಕೂತ್ಕೊ."

ಸ್ಟ್ರೆಚರ್ ಎದ್ದು ಬಂದು, ಆ ಕುರ್ಚಿಯಲ್ಲಿ ಮೊದಲ ಸಲ ಕೂರುತ್ತಾರೆ. ಡಾಕ್ಟರು ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟು ಬಲಗಿವಿಯನ್ನು ಅವರ ಕಡೆಗೆ ತಿರುಗಿಸುತ್ತಾರೆ.

"ಹೇಳು. ಹೇಗಿದೀಯ?"

ದಿನಕ್ಕೆ ಎಂಬತ್ತು ಜನರಿಗೆ ಕೇಳುವ ಪ್ರಶ್ನೆ. ಸ್ಟ್ರೆಚರ್ ತಬ್ಬಿಬ್ಬಾಗುತ್ತಾರೆ. ಕೆಮ್ಮುತ್ತಾರೆ, ಈ ಸಲ ಸ್ವಂತದ್ದು.

"ಈಗ ಪರವಾಗಿಲ್ಲ ಭಾವ. ನಿನ್ನೆ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದೆ."

"ಉಬ್ಬಸ ಮೊದಲು ಬಂದಿದ್ದು ಯಾವಾಗ?"

"ಅದಾ..." ಸ್ಟ್ರೆಚರ್ ಕಾಲು ಚಾಚಿ ಕೂರುತ್ತಾರೆ. ದನಿ ಹಿಗ್ಗತೊಡಗುತ್ತದೆ. "ಅದು ಹೇಳ್ಬೇಕು ಅಂದ್ರೆ ಆ ಸ್ಕೂಲಿಂದ ಶುರು ಮಾಡ್ಬೇಕು. ನಿಮ್ಮನ್ನ ಬೆನ್ನ ಮೇಲೆ ಹಾಕ್ಕೊಂಡು ಹೊರಟ್ನಾ, ಆ ಬೆಟ್ಟ ಹತ್ತುವಾಗ..."

"ಬೆಟ್ಟ ಇರ್ಲಿಲ್ಲ."

"ಕಥೆ ನಂದೋ ನಿಮ್ದೋ?"

ಹೊರಗೆ ಯಾರೋ ಷಟರ್ ಬಡಿಯುತ್ತಾರೆ. ಡಾಕ್ಟ್ರೇ, ಹೊತ್ತಾಯ್ತು, ಬಸ್ಸು ಹೋಗುತ್ತೆ ಎಂದು ನಾಲ್ಕಾರು ದನಿಗಳು ಒಟ್ಟಿಗೇ ಏಳುತ್ತವೆ. ಸ್ಟ್ರೆಚರ್ ಅರ್ಧ ಎದ್ದು ನಿಲ್ಲುತ್ತಾರೆ. ಡಾಕ್ಟರು ಅವರ ಭುಜ ಒತ್ತಿ ಮತ್ತೆ ಕೂರಿಸುತ್ತಾರೆ.

"ಕೂಗ್ತಿದಾರಲ್ಲ, ಚೆನ್ನಾಗೇ ಇದಾರೆ," ಎನ್ನುತ್ತಾರೆ. "ನೀನು ಹೇಳು. ಎಷ್ಟು ಸಲ ನಿಂತೆ ದಾರೀಲಿ?"